ಊರು ಬಿಡದಿರಲು ಹನ್ನೊಂದು ಕಾರಣ

"ಲಾರಿ ಶನಿವಾರಕ್ಕೆ ಹೇಳಿಟ್ಟಿರ್ಲಿ. ಇವ್ರಿಗೆ ಈಗ್ಲೇ ಗೊತ್ತಾಗೋದು ಬೇಡ."

ಹೆಂಡತಿ ಅಡುಗೆಮನೆಯಲ್ಲಿ ಫೋನಿಗೆ ಬಾಯಿ ಹಚ್ಚಿ ಪಿಸುಗುಡುತ್ತಿದ್ದಳು. ಗಡ್ಡ ಬೋಳಿಸಲೆಂದು ಮುಖದ ತುಂಬ ನೊರೆ ಹಚ್ಚಿಕೊಂಡು ಬಚ್ಚಲುಮನೆಯ ಬಾಗಿಲಲ್ಲಿ ನಿಂತಿದ್ದ ಗಂಡನ ಎದೆ ಧಸಕ್ಕೆಂದಿತು. ನೊರೆ ಕಣ್ಣಿಗಿಳಿದರೂ ಒರೆಸಿಕೊಳ್ಳಲಿಲ್ಲ.

ಅವನು ಮನೆ ಸಾಮಾನು ಸಾಗಿಸುವ ಕಂಪನಿಯೊಂದರ ಮೇಸ್ತ್ರಿ. ಇಪ್ಪತ್ತು ವರ್ಷದಲ್ಲಿ ಅರ್ಧ ಊರನ್ನೇ ಎತ್ತಿ ಇನ್ನೊಂದು ಕಡೆ ಇಟ್ಟವನು. ತಾನು ಮಾತ್ರ ಜಪ್ಪಯ್ಯ ಅಂದರೂ ಅಲುಗಾಡಿದವನಲ್ಲ. ಲಾರಿ ಎಂದರೆ ಏನರ್ಥ ಎಂದು ಅಂಥವನಿಗೆ ಬಿಡಿಸಿ ಹೇಳಬೇಕೆ?

ವಿಷಯ ಇಷ್ಟು. ಹೆಂಡತಿ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು. ದೊಡ್ಡ ನಗರದ ಆಸ್ಪತ್ರೆಯೊಂದು ಅವಳನ್ನು ಕೆಲಸಕ್ಕೆ ಕರೆದಿತ್ತು. ಹುದ್ದೆಗೆ ಅವಳು ಮರುಳಾದವಳಲ್ಲ. ಆ ನಗರದಲ್ಲಿ ಅವಳ ಅಕ್ಕ ಇದ್ದಳು. "ಅಕ್ಕ ಕೂಗಳತೇಲಿ ಇರ್ಬೇಕು ರೀ, ನಂಗೆ ಅದೊಂದೇ ಆಸೆ" ಎಂದಿದ್ದಳು.

ಅಕ್ಕ ಚಿನ್ನದಂಥವಳು. ತೊಂದರೆಯೆಲ್ಲ ಅಕ್ಕನ ಗಂಡನದು. ಈ ಷಡ್ಡಕ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಸುರಕ್ಷತಾ ಅಧಿಕಾರಿಯಾಗಿದ್ದು, ಎರಡು ತಿಂಗಳ ಹಿಂದೆ ನಿವೃತ್ತನಾಗಿದ್ದ. ಆದರೆ ನಿವೃತ್ತಿಯ ಸುದ್ದಿ ಅವನ ನಾಲಿಗೆಗೆ ಇನ್ನೂ ತಲುಪಿರಲಿಲ್ಲ. ಕಳೆದ ಸಲ ಮೂರು ದಿನಕ್ಕೆಂದು ಬಂದವನು ಇವನಿಗೆ ಸ್ಟೂಲು ಹತ್ತುವುದು, ಬಾಗಿಲು ಹಾಕುವುದು, ಕೊನೆಗೆ ಚಹಾ ಊದಿ ಕುಡಿಯುವುದನ್ನೂ ಕಲಿಸಿ ಹೋಗಿದ್ದ. ಅವನನ್ನು ಬೀಳ್ಕೊಟ್ಟು ಬಂದ ಮೇಸ್ತ್ರಿ ಹಟಕ್ಕೆ ಬಿದ್ದು ಚಹಾವನ್ನು ಊದದೆ ಕುಡಿದು ನಾಲಿಗೆ ಸುಟ್ಟುಕೊಂಡಿದ್ದ. ಅಂಥವನ ಕೂಗಳತೆಯಲ್ಲಿ ಸಂಸಾರ ಹೂಡುವುದೆಂದರೆ ಉಳಿದ ಆಯುಷ್ಯವೆಲ್ಲ ಪರೀಕ್ಷೆ ಬರೆದಂತೆಯೇ.

ಹೆಂಡತಿಗೆ ಇದನ್ನು ಹೇಳುವಂತಿರಲಿಲ್ಲ. ಅವಳ ಪಾಲಿಗೆ ಭಾವ ದೇವರಂಥ ಮನುಷ್ಯ. ಹಾಗಾಗಿ ಒಂದು ನಿಜವಾದ ಕಾರಣವನ್ನು ನುಂಗಿಕೊಂಡು, ಹನ್ನೊಂದು ಸುಳ್ಳು ಕಾರಣಗಳನ್ನು ಹೊಸೆದ. ಕಸುಬಿನ ಅಭ್ಯಾಸ ನೋಡಿ, ಡಬ್ಬಗಳಿಗೆ ಹಾಕುವಂತೆ ಅವಕ್ಕೂ ನಂಬರು ಹಾಕಿ ಹಾಳೆಯಲ್ಲಿ ಬರೆದುಕೊಟ್ಟ. ಒಂದು, ಇಲ್ಲಿನ ನೀರು ಅಮೃತ. ನಾಲ್ಕು, ಮೊಣಕಾಲು ನೋವಿಗೆ ಈ ಊರಿನ ಸಮತಟ್ಟು ರಸ್ತೆಗಳಷ್ಟು ಒಳ್ಳೆಯ ಔಷಧಿ ಇಲ್ಲ. ಏಳು, ಮೇಲಿನ ಮನೆ ವರ್ಷದಿಂದ ಖಾಲಿ, ತಲೆಯ ಮೇಲೆ ಕಾಲ ಸಪ್ಪಳವಿಲ್ಲ. ಹನ್ನೊಂದು, ಇಂಥ ಊರಿರುವಾಗ ನಗರದಲ್ಲಿ ಬದುಕುವವರ ತಲೆ ನೆಟ್ಟಗಿಲ್ಲ.

ಹೆಂಡತಿ ಎರಡೆರಡು ಸಲ ಓದಿದಳು. "ಇದನ್ನ ಅಕ್ಕಂಗೂ ಕಳಿಸ್ಲಾ? ಸುಮ್ನೆ ಬರಲ್ಲ ಅಂದ್ರೆ ಬೇಜಾರು ಮಾಡ್ಕೋತಾಳೆ."

"ಧಾರಾಳವಾಗಿ ಕಳಿಸು" ಎಂದಿದ್ದ.

ಅದಾಗಿ ವಾರ ಕಳೆದಿತ್ತು. ಈಗ ನೋಡಿದರೆ ಲಾರಿ! ಹನ್ನೊಂದು ಕಾರಣವನ್ನೂ ಹೊಳೆಯಲ್ಲಿ ಹುಣಸೆಹಣ್ಣಿನಂತೆ ತೊಳೆದದ್ದಾಯಿತು. ಅವನ ಅಳತೆ ಟೇಪು ಎರಡು ದಿನದಿಂದ ಕಾಣೆಯಾಗಿತ್ತು. ಅಂದು ಅದು ಹೆಂಡತಿಯ ಕೈಚೀಲದಲ್ಲಿ ಸಿಕ್ಕಿತು. ಕಪಾಟುಗಳ ಅಳತೆಯೂ ಮುಗಿದಿದೆ ಎಂದುಕೊಂಡ.

ಅವಳು ಕೇಳುವುದು ಒಬ್ಬನ ಮಾತನ್ನು ಮಾತ್ರ. ಮಧ್ಯಾಹ್ನ ಯಾರದೋ ಮನೆಯ ಸೋಫಾ ಮೇಲೆ, ಲಾರಿಯೊಳಗೇ ಕೂತು, ಮಾನ ಮರ್ಯಾದೆ ಬದಿಗಿಟ್ಟು ಷಡ್ಡಕನಿಗೆ ಫೋನು ಹಚ್ಚಿದ.

"ಭಾವ, ನಮ್ಮೂರನ್ನ ನೀವೇ ಕಂಡಿದ್ದೀರಿ. ಇಂಥ ಊರನ್ನ ಯಾರಾದ್ರೂ ಬೇಡ ಅಂತಾರಾ?"

"ತಲೆ ನೆಟ್ಟಗಿರೋರು ಅನ್ನಲ್ಲ" ಎಂದ ಷಡ್ಡಕ. "ನಿನ್ನ ಹಾಳೆ ನಾನೂ ಓದ್ದೆ ಕಣಯ್ಯ. ನಾಲ್ಕನೇ ಪಾಯಿಂಟು ಬಹಳ ಹಿಡಿಸ್ತು."

"ಹಾಗಾದ್ರೆ ಇದಕ್ಕೊಂದು ತೀರ್ಮಾನ ನೀವೇ ಮಾಡಿಬಿಡಿ ಭಾವ. ಕೈ ಮುಗೀತೀನಿ."

ಷಡ್ಡಕನ ದನಿ ಮೆತ್ತಗಾಯಿತು. "ಹಾಳೆ ಓದಿದ್ರೂ ಒಂದು ಅನುಮಾನ ಇತ್ತು. ನೀನೇ ಬಾಯ್ಬಿಟ್ಟು ಕೇಳಿದ ಮೇಲೆ ಇನ್ನೇನಿದೆ? ಆಯ್ತು, ಬಿಡು."

"ನಿಮ್ಮ ಉಪಕಾರ ಸಾಯೋ ತನಕ ಮರೆಯಲ್ಲ!" ಎಂದ ಮೇಸ್ತ್ರಿ. ಜೀವನದಲ್ಲಿ ಮೊದಲ ಬಾರಿಗೆ ಆ ಮನುಷ್ಯನ ಮೇಲೆ ಅವನಿಗೆ ಪ್ರೀತಿ ಉಕ್ಕಿತು.

ಸಂಜೆ ಮನೆಗೆ ಬಂದರೆ ಹೆಂಡತಿಯ ಕಣ್ಣು ಒದ್ದೆ. "ಭಾವ ಎಲ್ಲಾ ಹೇಳಿದ್ರು. ಆಸ್ಪತ್ರೆಯವ್ರಿಗೆ ಬರಲ್ಲ ಅಂತ ಬರೆದುಬಿಟ್ಟೆ. ನಾವು ಎಲ್ಲೂ ಹೋಗಲ್ಲ." ಮೂಗೊರೆಸಿಕೊಂಡಳು. "ನೀವು ಭಾವನ ಹತ್ರ ಅಂಥ ಮಾತಾಡ್ತೀರಿ ಅಂತ ಕನಸಲ್ಲೂ ಅಂದ್ಕೊಂಡಿರ್ಲಿಲ್ಲ ರೀ."

ಪಾಪ, ಅಕ್ಕನ ಆಸೆ ಬಿಟ್ಟಳಲ್ಲ ಎಂದು ಅವನ ಕರುಳು ಚುರುಕ್ಕೆಂದಿತು. ಪಾತ್ರೆಯನ್ನೆಲ್ಲ ತಾನೇ ತೊಳೆದ. ತೊಳೆಯುತ್ತ ಸಿಳ್ಳೆ ಹಾಕಿದ್ದು ಮಾತ್ರ ತಪ್ಪು.

ಶನಿವಾರ ಬೆಳಿಗ್ಗೆ ಲಾರಿ ಬಂತು. ಅವನ ಕಂಪನಿಯದೇ ಬಣ್ಣ, ನಗರದ ಶಾಖೆಯ ಗಾಡಿ. ಹೇಳಿಟ್ಟ ಲಾರಿಯನ್ನು ಬೇಡವೆನ್ನಲು ಇವಳು ಮರೆತಿದ್ದಾಳೆ ಎಂದು ನಗುತ್ತಲೇ ಗೇಟಿಗೆ ಓಡಿದ. "ತಿರುಗಿಸಪ್ಪಾ, ಇಲ್ಲಿ ತುಂಬೋಕೆ ಏನೂ ಇಲ್ಲ!"

ಆಗ ಅವನ ಕಣ್ಣು ಹಿಂದಿನ ಗಾಲಿಗಳ ಮೇಲೆ ಬಿತ್ತು. ಸಾಮಾನು ಒಯ್ಯಲು ಬರುವ ಲಾರಿ ಖಾಲಿ ಇರುತ್ತದೆ. ಹಿಂಬದಿ ಎತ್ತರಕ್ಕೆ ನಿಂತು, ಸಣ್ಣ ಗುಂಡಿಗೂ ಗಡಗಡ ಎನ್ನುತ್ತದೆ. ಈ ಲಾರಿ ಗಾಲಿಗಳ ಮೇಲೆ ತಗ್ಗಿ ಕೂತಿತ್ತು. ಕಂಠಮಟ್ಟ ತುಂಬಿತ್ತು. ಹಿಂದಿನಿಂದ ಹೆಂಡತಿ "ಅಕ್ಕಾ!" ಎಂದು ಕೂಗುತ್ತ ಅವನನ್ನು ದಾಟಿ ಓಡಿದಳು.

ಡ್ರೈವರನ ಪಕ್ಕದ ಬಾಗಿಲು ತೆರೆಯಿತು. ಮೊದಲು ಒಂದು ಹಳದಿ ಹೆಲ್ಮೆಟ್ ಹೊರಬಂತು, ಅದರ ಕೆಳಗೆ ಷಡ್ಡಕ.

"ಮೇಲಿನ ಮನೆಗೆ ಒಟ್ಟು ತೊಂಬತ್ತಾರು ಡಬ್ಬ ಕಣಯ್ಯ. ಎತ್ತುವಾಗ ಮೊಣಕಾಲು ಬಗ್ಗಿಸ್ಬೇಕು, ಬೆನ್ನಲ್ಲ. ತಡಿ, ನಾನು ತೋರಿಸ್ತೀನಿ."