ಒಂದು ಬಾಳೆದಿಂಡಿನ ಜಗಳ

ಹೂವಿನಂಗಡಿಯಲ್ಲಿ ನೆನೆಹಾಕಿದ ಬಾಳೆನಾರಿನ ವಾಸನೆ ಬಂದರೆ ಈಗಲೂ ಹದಿನಾರು ಎಂಬ ಊರಿನ ಆ ಮಧ್ಯಾಹ್ನ ನೆನಪಾಗುತ್ತದೆ.

ಅವ್ವ ಬಾಳೆಗೊನೆ ಹೊರುವ ಕೂಲಿಗೆ ಹೋಗಿದ್ದಳು, ಜೊತೆಗೆ ನಾನೂ ಇದ್ದೆ. ಗೊನೆ ಕಡಿದ ಮೇಲೆ ಉಳಿದ ಗಿಡ ಕೂಲಿಯವರಿಗೆ ಸೇರುವುದು ಹಿಂದಿನಿಂದ ಬಂದ ರೂಢಿ. ದಿಂಡು ಪಲ್ಯಕ್ಕಾಗುತ್ತಿತ್ತು, ಹೂವು ಸಾರಿಗೆ. ಪಟ್ಟೆ ಒಣಗಿಸಿ ಸೀಳಿದರೆ ಹೂ ಕಟ್ಟಲು ನಾರು. ಎಲೆಯನ್ನು ನಮ್ಮ ಮೇಕೆ ಬಿಡುತ್ತಿರಲಿಲ್ಲ.

ಊಟಕ್ಕೆ ಹೊರಟ ಅವ್ವ ದಿಂಡನ್ನು ತಲೆಗಿಟ್ಟುಕೊಂಡಾಗ ತೋಟದ ಯಜಮಾನರ ಮಗ ಅಡ್ಡ ಬಂದ.

"ಇಳ್ಸಮ್ಮೀ ಕೆಳಕ್ಕೆ. ಇನ್ಮೇಲೆ ಒಂದೆಲೇನೂ ಆಚೆ ಓಗಂಗಿಲ್ಲ. ಇಲ್ಲೇ ಕೊಳ್ತು ಗೊಬ್ರ ಆಗ್ಲಿ."

ಅವ್ವ ದಿಂಡನ್ನು ಮೆಲ್ಲಗೆ ಇಳಿಸಿ ಅದರ ಮೇಲೇ ಕುಳಿತಳು. ಯಾವತ್ತೂ ಅವನನ್ನು ಗೌರವದಿಂದ 'ಬುದ್ಧಿ' ಎನ್ನುತ್ತಿದ್ದವಳು, "ಆಗ್ಲಿ ಕಣಪ್ಪ. ಮಿಕ್ಕಿದ್ ಗೊನೆಗೋಳೂ ಇಲ್ಲೇ ಇರ್ಲಿ. ಅವೂ ಒಳ್ಳೆ ಗೊಬ್ರ ಆಯ್ತವೆ" ಎಂದಳು.

ಉಳಿದ ಹೆಂಗಸರೂ ತಲೆಯ ಸಿಂಬಿ ತೆಗೆದು ಅವಳ ಪಕ್ಕ ಕುಳಿತರು. ನಾನು ಹೆದರಿ ಅವಳ ಸೆರಗು ಹಿಡಿದೆ. ರಸ್ತೆಯಲ್ಲಿ ಗೊನೆಗಳಿಗಾಗಿ ಕಾಯುತ್ತಿದ್ದ ಲಾರಿಯವನು ಹಾರನ್ ಒತ್ತುತ್ತಲೇ ಇದ್ದ.

ಬಹಳ ಹೊತ್ತಿನ ಮೇಲೆ ಯಜಮಾನರ ಮಗ, "ತಗಂಡೋಗ್ರಿ ಅತ್ಲಾಗೆ" ಎಂದ.

ಅವ್ವ ಎದ್ದು ಸಿಂಬಿ ಸರಿಮಾಡಿಕೊಂಡು ಅವನ ಮುಂದೆಯೇ ನಿಂತಳು.

"ಒಂದ್ ಕೈ ಆಕಪ್ಪ, ಬಾರ ಅದೆ."

ಅವನು ಎರಡೂ ಕೈ ಹಾಕಿ ಎತ್ತಿಟ್ಟ.