ಮಾಳಿಗೆಯ ಮೇಲಿನ ತಾಮ್ರದ ಕೊಡ

ತೊಂಬತ್ತೆಂಟರ ಮೇ ತಿಂಗಳ ಒಂದು ಮಧ್ಯಾಹ್ನ ನಾನು ಪುಣೆಯ ನಮ್ಮ ಮನೆಯ ಮಾಳಿಗೆಯ ಮೇಲೆ, ಮೆಟ್ಟಿಲಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದೆ. ಈಗಲೂ ಬಿಸಿಲಿಗೆ ಕಾದ ಪೈಪಿನ ವಾಸನೆ ಬಂದರೆ ಅಲ್ಲೇ ನಿಂತಿರುತ್ತೇನೆ.

ಇಟ್ಟಿಗೆಯ ಕಟ್ಟೆಯೊಳಗೆ ಮಣ್ಣು ತುಂಬಿ ಅಜ್ಜಿ ಮೆಂತ್ಯ, ಪುಂಡಿ ಸೊಪ್ಪು ಬೆಳೆಯುತ್ತಿದ್ದಳು. ದಿನಾಲೂ ಕೆಳಗಿನಿಂದ ತಂಬಿಗೆಯಲ್ಲಿ ನೀರು ಹೊತ್ತು ತಂದು ಹಾಕುತ್ತಿದ್ದಳು. ಅವಳ ಹಿರಿಯ ಮಗ, ನನ್ನ ದೊಡ್ಡಪ್ಪನಿಗೆ, ಅದು ಹಳ್ಳಿಯ ದಡ್ಡತನ.

"ಅರ್ಧಾ ನೀರು ಮೆಟ್ಟಲಕ್ಕ ಕುಡಸ್ತೀಯವ್ವಾ. ನಾಳೆಯಿಂದ ನಿನ್ನ ಕೆಲಸ ಮಷೀನು ಮಾಡ್ತದ," ಎಂದು ಹಿಂದಿನ ದಿನ ಅಂದಿದ್ದ.

ಆ ಮಷೀನು ನೋಡಲು ಆ ಮಧ್ಯಾಹ್ನ ಅವನ ಆಫೀಸಿನ ಮರಾಠಿ ಸಾಹೇಬರು ಬಂದಿದ್ದರು; ದೊಡ್ಡಪ್ಪನ ಹೆಂಡತಿ ಕಮಲಾ ದೊಡ್ಡವ್ವನೂ ಮೇಲಿದ್ದಳು. ಪ್ಲಾಸ್ಟಿಕ್ ಡ್ರಮ್ಮು ಅವರೆದುರು ಚೆನ್ನಾಗಿ ಕಾಣದೆಂದು, ದೊಡ್ಡಪ್ಪ, ಅಜ್ಜಿ ತವರಿನಿಂದ ತಂದ ತಾಮ್ರದ ಕೊಡದ ಬುಡಕ್ಕೆ ಅವಳನ್ನು ಕೇಳದೆಯೇ ತೂತು ಕೊರೆದು, ಹೊತ್ತಿಗೆ ಸರಿಯಾಗಿ ತಾನೇ ನೀರು ಬಿಡುವ ಟೈಮರಿನ ನಳ ಕೂರಿಸಿದ್ದ. ನೀರು ತುಂಬಿದ ಕೊಡವನ್ನು ಹೆಗಲಿಗೇರಿಸಿ, ಎಲ್ಲಿ ಇಡಲೆಂದು ಕಟ್ಟೆಯ ಸುತ್ತ ನಡೆದ. ನಳದ ಸಂದಿಯಿಂದ ನೀರು ಸಣ್ಣಗೆ ಸುರಿಯುತ್ತ ಅವನ ಹಿಂದೆ ಗೆರೆ ಎಳೆಯಿತು.

ಒಂದು ಸುತ್ತು ಮುಗಿಯುವ ಹೊತ್ತಿಗೆ ಅಜ್ಜಿ ಮೇಲೆ ಬಂದಳು.

"ನಿಂದ್ರೋ ಶಾಣ್ಯಾ. ತೂತಿನ ಕೊಡ ಹೊತ್ತು ಸುತ್ತು ಹಾಕೋದು ನಾ ಸತ್ತ ಮ್ಯಾಲ. ಅಲ್ಲೀತನಕರೆ ತಡಕೋ."

ದೊಡ್ಡಪ್ಪನ ಮುಖ ಬಿಳಿಚಿತು. ಸಾಹೇಬರು ನಗುತ್ತಲೇ, ಅಮ್ಮ ಏನೆಂದರು ಎಂದು ಮರಾಠಿಯಲ್ಲಿ ಕೇಳಿದರು. ದೊಡ್ಡಪ್ಪ ಕೊಡವನ್ನು ಹೆಗಲಿನಿಂದ ಕೆಳಗಿಳಿಸಿದ. ಅಜ್ಜಿ, ಮಗ ಅಲ್ಲಿ ಇಲ್ಲವೇ ಇಲ್ಲವೆಂಬಂತೆ, ತಾನು ತಂದ ತಂಬಿಗೆಯಿಂದ ಮೆಂತ್ಯಕ್ಕೆ ನೀರು ಹಾಕತೊಡಗಿದಳು.

ಅದನ್ನು ಕಂಡವರಲ್ಲಿ ಈಗ ಉಳಿದಿರುವವರು ನಾನು ಮತ್ತು ಕಮಲಾ ದೊಡ್ಡವ್ವ. ಅವಳ ಮಾಳಿಗೆಯ ಮೇಲಿನ ಗಿಡಗಳಿಗೆ ಇಂದಿಗೂ ತಂಬಿಗೆಯ ನೀರೇ.