ಮಾಸ್ಕ್ ತೆಗೆಯಬೇಡಿ

ಸರ್ಕಾರಿ ಶಾಲೆಯ ಪಾಲಕರ ಸಭೆ ಮಾಸ್ಕಿನ ವಿಷಯಕ್ಕೆ ಬಂದೊಡನೆ ಕಾವೇರಿತು.

"ಇನ್ನಾದ್ರೂ ಮಾಸ್ಕ್ ತೆಗೆಸಿ ಟೀಚರ್, ಮಕ್ಕಳಿಗೆ ಉಸಿರು ಕಟ್ಟತ್ತೆ. ಲಸಿಕೆ ಹಾಕಿಸ್ಕೊಂಡಿರೋ ನೀವೂ ಯಾಕೆ ಮುಖ ಮುಚ್ಕೊಂಡಿರ್ತೀರಿ?" ಎಂದ ಒಬ್ಬ ತಂದೆ.

ಸುಗುಣಾ ಎದ್ದು ನಿಂತಳು. ಕೊರೋನಾಕ್ಕೆ ಗಂಡನನ್ನು ಕಳೆದುಕೊಂಡವಳಿಗೆ ಉಳಿದದ್ದು ನಾಲ್ಕನೇ ಕ್ಲಾಸಿನ ಮಗಳು ಮಾತ್ರ.

"ನಿಮ್ಗೆ ಮೂರು ಮಕ್ಕಳಿರಬಹುದಣ್ಣ, ನಂಗಿರೋದು ಅವಳೊಬ್ಳೇ. ಮಕ್ಕಳೂ ಹಾಕ್ಕೋಬೇಕು, ಟೀಚರೂ ಹಾಕ್ಕೋಬೇಕು."

"ಈಯಮ್ಮ ಊಟಕ್ಕೂ ತೆಗೀಬೇಡಿ ಅಂತಾಳೆ" ಎಂದು ಯಾರೋ ನಕ್ಕರು. ಆದರೂ ಕೊನೆಗೆ ಅವಳ ಮಾತೇ ನಡೆಯಿತು.

ಹೊರಡುವಾಗ ಟೀಚರ್ ಅವಳನ್ನು ಪಕ್ಕಕ್ಕೆ ಕರೆದರು. "ಶಾಲೆ ಮುಚ್ಚೋಕ್ಮುಂಚೆ ನಿಮ್ಮ ಮಗಳು ಎಷ್ಟು ಚುರುಕಾಗಿದ್ಲು. ಈಗ ಏನು ಕೇಳಿದ್ರೂ ಸುಮ್ನೆ ನನ್ನ ಮುಖ ನೋಡ್ತಾಳೆ. ಅಪ್ಪನ ನೆನಪೇನೋ ಪಾಪ."

ದಾರಿಯಲ್ಲಿ ಸುಗುಣಾ ಮಗಳನ್ನು ವಿಚಾರಿಸಿದಳು. ಉತ್ತರ ಬರಲಿಲ್ಲ. ಸಿಟ್ಟು ಬಂದು ತನ್ನ ಮಾಸ್ಕನ್ನು ಕೆಳಗೆಳೆದು ಮತ್ತೆ ಕೇಳಿದಳು: "ಟೀಚರ್ ಕೇಳಿದ್ದಕ್ಕೆ ಯಾಕೆ ಉತ್ತರ ಹೇಳಲ್ಲ ನೀನು?"

ಅಮ್ಮನ ತುಟಿಗಳನ್ನೇ ದಿಟ್ಟಿಸುತ್ತಿದ್ದ ಮಗಳು ಹೇಳಿದಳು: "ಮಾಸ್ಕ್ ಹಾಕ್ಕೊಂಡ್ಮೇಲೆ ಟೀಚರ್ ಮಾತೇ ಆಡಲ್ವಲ್ಲಮ್ಮ."